ಮಾಯವಾದ ಚಿಹ್ನೆ

ನಮ್ಮ ಶಾಲೆಯನ್ನು ಬಿಟ್ಟು ಬಹು ವರ್ಷಗಳಾದ ಮೇಲೆ ನಾನೂ ಗಣಿತದ ಉಪಾಧ್ಯಾಯಿನಿಯಾದೆನು. ಒಮ್ಮೆ, ಮನೆಯಲ್ಲಿಯೇ ಓದಿಕೊಳ್ಳುವ ಬಾಲಿಕೆಯರ ಅನುಕೂಲಕ್ಕಾಗಿ ಅಸಮತೆಗಳ ಪಾಠವನ್ನು ಬರೆದು ಅಂತರ್ಜಾಲದ ಪುಟವೊಂದರಲ್ಲಿ ಇರಿಸಿದೆನು. ಎ ಎಂಬುದು ಬಿಗಿಂತ ಕಿರಿದು, ಸಿ ಎಂಬುದು ಡಿಗಿಂತ ಹಿರಿದು ಎಂಬೀ ಎರಡನ್ನೂ ಅಕ್ಷರಕ್ಕೆ ಚಿಹ್ನೆಯನ್ನು ಒತ್ತಿಸಿ ಬರೆದು, ನಡುವೆ 'ಮತ್ತು' ಎಂಬ ಪದವನ್ನಿಟ್ಟಿದ್ದೆನು.

ಮರುವಾರ ಒಬ್ಬ ಹುಡುಗಿಯ ಪುಸ್ತಕದಲ್ಲಿ ಎ, ಡಿ ಎಂಬ ಎರಡೇ ಅಕ್ಷರಗಳು ಗುಣಲಬ್ಧದಂತೆ ಕೂಡಿದ್ದುವು. 'ಅಜಾಗರೂಕತೆ' ಎಂದು ಕೆಂಪು ಶಾಯಿಯಲ್ಲಿ ಬರೆದೆನು. "ಟೀಚರೇ, ಪುಟದಲ್ಲಿ ಹಾಗೆಯೇ ಇದೆ" ಎಂದು ಅವಳು ಮೆಲ್ಲನೆ ಹೇಳಿದಳು. ನಾನು ನಂಬದೆ ಗದರಿಸಿದೆನು. ಸಂಜೆ ಪುಟವನ್ನು ತೆರೆದು ನೋಡಲು, ಅವಳ ಮಾತೇ ದಿಟವಾಗಿದ್ದಿತು!

ಕಾರಣವನ್ನು ಹುಡುಕಿ ತಿಳಿದೆನು. ಕಿರಿದು, ಹಿರಿದು ಎಂಬ ಚಿಹ್ನೆಗಳು 1631ರಲ್ಲಿ ಥಾಮಸ್ ಹ್ಯಾರಿಯಟ್ಟರ ಗ್ರಂಥದಲ್ಲಿ, ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, ಅಚ್ಚಾದುವು. ಮುಂದೆ ಟಿಮ್ ಬರ್ನರ್ಸ್-ಲೀಯವರು ರೂಪಿಸಿದ ಎಚ್‌ಟಿಎಂಎಲ್ ಎಂಬ ಪುಟಭಾಷೆಯಲ್ಲಿ ಅವೇ ಚಿಹ್ನೆಗಳು ಆಜ್ಞೆಗಳನ್ನು ಸುತ್ತುವ ಆವರಣಗಳಾದುವು. ಕಿರಿದು ಚಿಹ್ನೆಗೆ ಬಿ ಅಕ್ಷರ ತಗಲಿದರೆ, ಯಂತ್ರವು ಅದನ್ನು 'ದಪ್ಪಕ್ಷರದಲ್ಲಿ ತೋರಿಸು' ಎಂಬ ಆಜ್ಞೆಯೆಂದು ಭಾವಿಸಿ, ಮುಂದಿನ ಹಿರಿದು ಚಿಹ್ನೆಯವರೆಗೆ ಎಲ್ಲವನ್ನೂ ನುಂಗಿಬಿಡುವುದು.

ಪರಿಹಾರವು ಸುಲಭ. ಕಿರಿದು ಚಿಹ್ನೆಗೆ ಬದಲಾಗಿ ಆ್ಯಂಪರ್ಸ್ಯಾಂಡ್ ಚಿಹ್ನೆ, ಎಲ್, ಟಿ, ಅರ್ಧವಿರಾಮ ಎಂಬ ನಾಲ್ಕನ್ನು ಬರೆಯಬೇಕು. ಹಿರಿದಕ್ಕೆ ಎಲ್ ಬದಲು ಜಿ. ಆದರೆ ಕ್ರಮವು ಮುಖ್ಯ. ಬರಹದಲ್ಲಿ ಮೊದಲೇ ಇರುವ ಆ್ಯಂಪರ್ಸ್ಯಾಂಡನ್ನು ಎಲ್ಲಕ್ಕಿಂತ ಮೊದಲು ಮಾರ್ಪಡಿಸಬೇಕು. ಕೊನೆಗೆ ಮಾಡಿದರೆ, ಆಗತಾನೆ ಬರೆದ ಸಂಕೇತಗಳೇ ಮತ್ತೆ ಮಾರ್ಪಟ್ಟು, ಓದುವವರಿಗೆ ಚಿಹ್ನೆಯ ಬದಲು ಸಂಕೇತವೇ ಕಾಣುವುದು. ಮಾರ್ಪಾಡನ್ನು ಎರಡು ಸಲ ಮಾಡಿದರೂ ಇದೇ ಗತಿ. ಪುಟದ ವಿಳಾಸದ ಪ್ರಶ್ನಾಭಾಗದಲ್ಲಿ ಸಮೀಕರಣವನ್ನು ಕಳುಹುವಾಗ ನಿಯಮವೇ ಬೇರೆ: ಅಲ್ಲಿ ಕೂಡುವ ಚಿಹ್ನೆಯನ್ನು ಸಾಮಾನ್ಯವಾಗಿ ಬರಿಯ ತೆರಪೆಂದು ಓದುವುದರಿಂದ, ಶೇಕಡಾ ಚಿಹ್ನೆ, 2, ಬಿ ಎಂದು ಬರೆಯಬೇಕು.

ಮರುದಿನ ತರಗತಿಯ ಮುಂದೆಯೇ ಆ ಹುಡುಗಿಯ ಪುಸ್ತಕವನ್ನು ತರಿಸಿ, ಕೆಂಪು ಬರಹವನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದು ಸಹಿ ಮಾಡಿದೆನು. ಅವಳು ನಕ್ಕಳು; ನನ್ನ ಮನಸ್ಸು ಹಗುರಾಯಿತು.

ಪ್ರಿಯ ಸಹೋದರಿಯರೇ, ತಾಯಿತಂದೆಗಳೇ, ನಾವು ಬರೆದದ್ದೇ ಮಕ್ಕಳ ಕಣ್ಣಿಗೆ ತಲಪುವುದೆಂಬ ಭರವಸೆಯಿಲ್ಲ. ಗದರಿಸುವುದಕ್ಕೆ ಮುನ್ನ, ಮಗುವಿಗೆ ಕಂಡುದನ್ನು ನಾವೂ ಒಮ್ಮೆ ಕಾಣೋಣ.