ಅಪಘಾತ ಏಕಾಯಿತು?

ಅಪಘಾತವಾದ ಮರುದಿನದ ಸುದ್ದಿಯನ್ನು ಎಲ್ಲರೂ ಓದುತ್ತಾರೆ. ಅದರ ತನಿಖಾ ವರದಿ ಬರುವುದು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷದ ನಂತರ. ಅಷ್ಟರಲ್ಲಿ ಬಹಳ ಮಂದಿ ಅಪಘಾತವನ್ನೇ ಮರೆತಿರುತ್ತಾರೆ. ಇಂಥ ವರದಿಗಳನ್ನು ಹುಡುಕಿ ಓದುವುದು ನನ್ನ ಹಳೆಯ ಅಭ್ಯಾಸ. "ಸಾವುನೋವಿನ ವಿಷಯ, ಅದನ್ನೇಕೆ ಓದುತ್ತೀರಿ?" ಎಂದು ಮನೆಯವರು ಕೇಳುವುದುಂಟು. ಒಳ್ಳೆಯ ವರದಿ ಪತ್ತೇದಾರಿ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ವ್ಯತ್ಯಾಸ ಒಂದೇ. ಪತ್ತೇದಾರ "ಮಾಡಿದವರು ಯಾರು?" ಎಂದು ಹುಡುಕುತ್ತಾನೆ. ಅಪಘಾತದ ತನಿಖೆ ಮಾಡುವವರು "ಇದು ಏಕಾಯಿತು?" ಎಂದು ಹುಡುಕುತ್ತಾರೆ. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ.

ನನಗೆ ಬಹಳ ಮೆಚ್ಚುಗೆಯಾದ ತನಿಖೆ ಕಾಮೆಟ್ ವಿಮಾನದ್ದು. ಪ್ರಯಾಣಿಕರನ್ನು ಹೊತ್ತು ನಿಯತವಾಗಿ ಹಾರಿದ ಮೊದಲ ಜೆಟ್ ವಿಮಾನ ಅದು. ಬ್ರಿಟನ್‌ನಲ್ಲಿ ತಯಾರಾಗಿ 1952ರಲ್ಲಿ ಸೇವೆಗೆ ಬಂತು. 1954ರ ಜನವರಿ 10ರಂದು ಒಂದು ಕಾಮೆಟ್ ರೋಮ್ ನಗರದಿಂದ ಲಂಡನ್ನಿಗೆ ಹೊರಟಿತು. ಸ್ವಲ್ಪ ಹೊತ್ತಿನಲ್ಲೇ ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿ ಒಡೆದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 35 ಮಂದಿಯೂ ಸತ್ತರು. ಕಾಮೆಟ್‌ಗಳ ಹಾರಾಟ ನಿಂತಿತು. ಕಾರಣ ಗೊತ್ತಾಗಲಿಲ್ಲ. ಆದರೂ ಅನುಮಾನ ಬಂದ ಭಾಗಗಳನ್ನೆಲ್ಲ ಬದಲಿಸಿ ಮಾರ್ಚ್ ತಿಂಗಳಲ್ಲಿ ಮತ್ತೆ ಹಾರಿಸಿದರು. ಕಾಯಿಲೆ ಯಾವುದೆಂದು ತಿಳಿಯದೆ ಮಾತ್ರೆ ಕೊಟ್ಟ ಹಾಗೆ! ಏಪ್ರಿಲ್ 8ರಂದು ಇನ್ನೊಂದು ಕಾಮೆಟ್ ಹಾಗೆಯೇ ಒಡೆಯಿತು. ಈ ಸಲ 21 ಮಂದಿ ಸತ್ತರು.

ಈಗ ನೀವೊಂದು ಪ್ರಯೋಗ ಮಾಡಿ. ಹಳೆಯ ಜೆಮ್ ಕ್ಲಿಪ್ಪನ್ನು ನೇರ ಮಾಡಿ, ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋಗಿ. ಎಷ್ಟನೆಯ ಸಲಕ್ಕೆ ತುಂಡಾಯಿತು ಎಂದು ಎಣಿಸಿ. (ತುಂಡಾದ ತುದಿ ಚುಚ್ಚೀತು, ಜೋಪಾನ.) ಮೊದಲ ಸಲ ಬಗ್ಗಿಸಿದಾಗ ಏನೂ ಆಗದ ತಂತಿ ಹತ್ತಾರು ಸಲ ಬಗ್ಗಿಸಿದಾಗ ಮುರಿಯುತ್ತದೆ. ಇದಕ್ಕೆ 'ಲೋಹದ ದಣಿವು' ಎನ್ನುತ್ತಾರೆ.

ವಿಮಾನಕ್ಕೂ ಇದಕ್ಕೂ ಏನು ಸಂಬಂಧ? ಬಹಳ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಉಸಿರಾಡಲು ಸಾಲದು. ಆದ್ದರಿಂದ ವಿಮಾನದೊಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿರುತ್ತಾರೆ. ಪ್ರತಿ ಸಲ ಮೇಲೇರಿದಾಗ ವಿಮಾನದ ಮೈ ಬಲೂನಿನ ಹಾಗೆ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಮತ್ತೆ ಮೊದಲಿನಂತಾಗುತ್ತದೆ. ಕಾಮೆಟ್‌ನ ಲೋಹ ಹೀಗೆ ಉಬ್ಬಿ ಕುಗ್ಗಿ ದಣಿದಿತ್ತೇ? ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿ ಆರ್ನಾಲ್ಡ್ ಹಾಲ್ ಅವರ ತಂಡ ಒಂದು ದೊಡ್ಡ ತೊಟ್ಟಿ ಕಟ್ಟಿತು. ಹಾರಾಟ ಮಾಡಿದ್ದ ಇಡೀ ಕಾಮೆಟ್ ಒಂದನ್ನು ಅದರೊಳಗಿಟ್ಟು ಒಳಗೂ ಹೊರಗೂ ನೀರು ತುಂಬಿದರು. ರೆಕ್ಕೆಗಳು ಮಾತ್ರ ತೊಟ್ಟಿಯ ಹೊರಗೆ! ಒಳಗಿನ ನೀರಿನ ಒತ್ತಡವನ್ನು ಏರಿಸಿದರೆ ವಿಮಾನ ಮೇಲೇರಿದ ಹಾಗೆ, ಇಳಿಸಿದರೆ ಕೆಳಗಿಳಿದ ಹಾಗೆ. ಗಾಳಿಯನ್ನೇ ತುಂಬಬಹುದಿತ್ತಲ್ಲ ಎನ್ನುವಿರಾ? ಒತ್ತಿ ತುಂಬಿದ ಗಾಳಿ ಬಿರುಕು ಬಿಟ್ಟ ಕೂಡಲೇ ಬಾಂಬಿನಂತೆ ಸಿಡಿಯುತ್ತದೆ, ಸಾಕ್ಷ್ಯವೆಲ್ಲ ಚೂರುಚೂರಾಗುತ್ತದೆ. ನೀರು ಅಷ್ಟಾಗಿ ಕುಗ್ಗುವುದಿಲ್ಲವಾದ್ದರಿಂದ ಹಾಗೆ ಸಿಡಿಯುವುದಿಲ್ಲ.

ಆ ವಿಮಾನ ಮೊದಲೇ 1,221 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ 'ಹಾರಿದ' ಮೇಲೆ ಮೈ ಸೀಳಿಕೊಂಡಿತು. ಸೀಳು ಶುರುವಾದದ್ದು ಒಂದು ಕಿಂಡಿಯ ಮೂಲೆಯಲ್ಲಿ. ಹಾಲಿನ ಪ್ಯಾಕೆಟ್ಟಿನ ಅಂಚಿಗೆ ಚಿಕ್ಕ ಸೀಳು ಕೊಟ್ಟರೆ ಅಲ್ಲಿಂದಲೇ ಹರಿಯುತ್ತದಲ್ಲವೇ? ಹಾಗೆಯೇ ಮೂಲೆಗಳಲ್ಲಿ ಸೆಳೆತ ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಇತ್ತ ಬ್ರಿಟನ್ನಿನ ನೌಕಾಪಡೆ ಸಮುದ್ರದ ತಳದಿಂದ ಎಲ್ಬಾ ವಿಮಾನದ ಚೂರುಗಳನ್ನು ಎತ್ತಿಸುತ್ತಿತ್ತು. ಅವನ್ನು ಮರದ ಚೌಕಟ್ಟಿನ ಮೇಲೆ ಒಂದೊಂದಾಗಿ ಜೋಡಿಸಿದರು. ಮೀನುಗಾರಿಕೆ ದೋಣಿ ಎಳೆದು ತಂದ ಚಾವಣಿಯ ಒಂದು ತುಂಡಿನಲ್ಲೂ ಕಿಂಡಿಯ ಬಳಿಯೇ ಬಿರುಕು ಹುಟ್ಟಿದ ಗುರುತಿತ್ತು. ತೊಟ್ಟಿ ಹೇಳಿದ್ದನ್ನೇ ಸಮುದ್ರವೂ ಹೇಳಿತು. ಇಂದಿನ ವಿಮಾನಗಳ ಕಿಟಕಿಯ ಚಿತ್ರ ನೋಡಿ. ಚೂಪಾದ ಮೂಲೆ ಎಲ್ಲಿಯೂ ಕಾಣುವುದಿಲ್ಲ.

ಕಾಮೆಟ್ ಬಗ್ಗೆ ಚರ್ಚಿಸಿದವರಲ್ಲಿ ಆಸ್ಟ್ರೇಲಿಯಾದ ಡೇವಿಡ್ ವಾರೆನ್ ಎಂಬ ವಿಜ್ಞಾನಿಯೂ ಇದ್ದರು. ಅವರ ತಂದೆ 1934ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಆಗ ವಾರೆನ್‌ಗೆ 9 ವರ್ಷ, ನಿಮಗಿಂತ ಚಿಕ್ಕವರು. ವಿಮಾನ ಬೀಳುವ ಮೊದಲು ಚಾಲಕರು ಆಡಿದ ಮಾತು, ಯಂತ್ರಗಳ ಅಳತೆ ಎಲ್ಲವೂ ದಾಖಲಾಗಿ ಉಳಿದಿದ್ದರೆ ಎಷ್ಟು ಚೆನ್ನ ಎಂದು ಅವರಿಗೆ ಹೊಳೆಯಿತು. ಉಕ್ಕಿನ ತಂತಿಯ ಮೇಲೆ ದಾಖಲಿಸುವ ಉಪಕರಣವನ್ನು ಮಾಡಿಯೂ ತೋರಿಸಿದರು. ಅವರ ದೇಶದಲ್ಲಿ ಮೊದಲು ಯಾರೂ ಅದನ್ನು ಸ್ವಾಗತಿಸಲಿಲ್ಲ. ತಮ್ಮ ಮಾತನ್ನು ಕದ್ದು ಕೇಳುವ ಯಂತ್ರವೆಂದು ವಿಮಾನ ಚಾಲಕರು ದೂರಿದರು. ಅದೇ ಇಂದಿನ 'ಬ್ಲ್ಯಾಕ್ ಬಾಕ್ಸ್'. ಹೆಸರು ಕಪ್ಪು, ಬಣ್ಣ ಕಿತ್ತಳೆ. ಅವಶೇಷಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳಲೆಂದು ಹಾಗೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಸಾರ್, ಆ ಪೆಟ್ಟಿಗೆ ಒಡೆಯುವುದಿಲ್ಲ ಅಂದರೆ ಇಡೀ ವಿಮಾನವನ್ನೇ ಅದರಿಂದ ಮಾಡಬಹುದಲ್ಲ?" ಎಂದು ಕೇಳಿದಳು. ಜಾಣ ಪ್ರಶ್ನೆ. ಅಷ್ಟು ದಪ್ಪ ಲೋಹದ ವಿಮಾನ ಭಾರಕ್ಕೆ ಮೇಲೇಳುವುದಿಲ್ಲ. ಎದ್ದರೂ, ಸ್ಟೀಲ್ ಡಬ್ಬಿಯಲ್ಲಿ ಮೊಟ್ಟೆ ಇಟ್ಟು ಮಹಡಿಯಿಂದ ಬೀಳಿಸಿದರೆ ಡಬ್ಬಿ ಉಳಿಯುತ್ತದೆ; ಮೊಟ್ಟೆ?

ನಮ್ಮ ಮಂಗಳೂರಿನಲ್ಲಿ 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. 8 ಮಂದಿ ಬದುಕುಳಿದರು. ಮುಖ್ಯ ಚಾಲಕರು ಪ್ರಯಾಣದಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂಬುದು ಧ್ವನಿ ದಾಖಲೆಯಿಂದಲೇ ತಿಳಿಯಿತು. ಇಳಿಯುವಾಗ ಸಹಚಾಲಕರು, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಬಾರಿ ಎಚ್ಚರಿಸಿದ್ದೂ ಅದರಲ್ಲಿತ್ತು. 'ನಿದ್ದೆ ಮಾಡಿದವರದೇ ತಪ್ಪು' ಎಂದು ಕಡತ ಮುಚ್ಚುವುದು ಸುಲಭ. ತನಿಖೆ ಅಲ್ಲಿಗೇ ನಿಲ್ಲಲಿಲ್ಲ. ರಾತ್ರಿಯ ಕೊನೆಯ ಜಾವದಲ್ಲಿ ದೇಹ ಹೇಗೆ ಮಂಕಾಗುತ್ತದೆ, ನಿದ್ದೆಯಿಂದ ಎದ್ದ ತಕ್ಷಣ ಬುದ್ಧಿ ಏಕೆ ಚುರುಕಾಗಿರುವುದಿಲ್ಲ ಎಂಬುದನ್ನೂ ಅದು ವಿಚಾರಿಸಿತು.

ಹಡಗಿನ ವಿಷಯದಲ್ಲೂ ಅಷ್ಟೆ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ 2,200ಕ್ಕೂ ಹೆಚ್ಚು ಜನರಿದ್ದರು. ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಮಂದಿಗೆ. ಆಶ್ಚರ್ಯವೆಂದರೆ, ಅಂದಿನ ಕಾನೂನಿಗೆ ಅಷ್ಟೂ ಬೇಕಿರಲಿಲ್ಲ! ಹತ್ತಿರದಲ್ಲಿದ್ದ ಇನ್ನೊಂದು ಹಡಗಿನ ಒಬ್ಬನೇ ರೇಡಿಯೋ ನಿರ್ವಾಹಕ ಮಲಗಿಬಿಟ್ಟಿದ್ದ. ಎಲ್ಲರಿಗೂ ದೋಣಿ, ಹಗಲೂ ರಾತ್ರಿ ರೇಡಿಯೋ ಕಾವಲು ಎಂಬ ನಿಯಮಗಳು 1914ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬಂದವು.

ಇನ್ನು ರೈಲು. ನಮ್ಮ ದೇಶದಲ್ಲಿ ದೊಡ್ಡ ರೈಲು ಅಪಘಾತಗಳ ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗೆ ಇಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ನಮ್ಮ ಉತ್ತರ ಪತ್ರಿಕೆಯನ್ನು ನಾವೇ ತಿದ್ದಿಕೊಳ್ಳಬಾರದಲ್ಲ!

2023ರ ಫೆಬ್ರವರಿ 8ರಂದು ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ರೈಲೊಂದಕ್ಕೆ ಮುಂದೆ ಹೋಗಲು ಸಿಗ್ನಲ್ ಸಿಕ್ಕಿತ್ತು. ಆದರೆ ಹಳಿ ಮಾತ್ರ ತಪ್ಪು ದಾರಿಗೆ ಕೂಡಿಕೊಂಡಿತ್ತು. ರೈಲಿನ ಚಾಲಕರು ಅದನ್ನು ಗಮನಿಸಿ ರೈಲು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ ಎಂದು ಹಿರಿಯ ಅಧಿಕಾರಿಯೊಬ್ಬರು ಕೂಡಲೇ ಪತ್ರ ಬರೆದು ಎಚ್ಚರಿಸಿದರು. ಅದೇ ವರ್ಷ ಜೂನ್ 2ರಂದು ಒಡಿಶಾದ ಬಾಲೇಶ್ವರದ ಬಳಿ, ತಪ್ಪು ಸಿಗ್ನಲ್‌ನಿಂದಾಗಿ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಹಳಿಗೆ ನುಗ್ಗಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಅದರಲ್ಲಿ ಸಿಲುಕಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್‌ನ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದೇ ಕಾರಣವೆಂದು ತನಿಖೆ ಕಂಡುಕೊಂಡಿತು.

ಆ ವರದಿಯಲ್ಲಿ ನಾನು ಎರಡು ಮೂರು ಸಲ ಓದಿದ ಒಂದು ಭಾಗವಿದೆ. ಅದೇ ವಲಯದ ಇನ್ನೊಂದು ನಿಲ್ದಾಣದಲ್ಲಿ 2022ರ ಮೇ 16ರಂದು ತಂತಿ ಜೋಡಣೆಯ ಇಂಥದೇ ತಪ್ಪಿನಿಂದ ಒಂದು ಘಟನೆ ನಡೆದಿತ್ತಂತೆ. ಆಗಲೇ ಸರಿಪಡಿಸುವ ಕ್ರಮ ಕೈಗೊಂಡಿದ್ದರೆ ಬಾಲೇಶ್ವರದ ಅಪಘಾತ ಆಗುತ್ತಲೇ ಇರಲಿಲ್ಲ ಎಂದು ಆಯುಕ್ತರು ಬರೆದಿದ್ದಾರೆ.