ಅವ್ವ ಕಂಡ ಮೊದಲ ಕಡಲು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಪ್ರವಾಸಕ್ಕೆ ಕಾಲ ಕೂಡಿ ಬರುವುದು ಕಷ್ಟ. ಮಳೆ ಹಿಡಿಯುವ ಹೊತ್ತಿಗೆ ನಾಟಿ, ಆಮೇಲೆ ಸೊಪ್ಪು ಮುರಿಯೋದು, ಬ್ಯಾರನ್‌ಗೆ ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯೋದು, ಗ್ರೇಡ್ ಮಾಡೋದು, ಹರಾಜು. ನಮ್ಮವ್ವನಿಗೆ ಐವತ್ತೆಂಟು ದಾಟಿದರೂ ಸಮುದ್ರ ನೋಡಿರಲಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ನಾಲ್ಕೈದು ಸಲ ಹೋಗಿದ್ದಾಳೆ. ಅಲ್ಲಿಂದ ಇನ್ನೆರಡು ಗಂಟೆ ಮುಂದಕ್ಕೆ ಹೋಗಿದ್ದರೆ ಕಡಲೇ ಸಿಗುತ್ತಿತ್ತು. ಆದರೆ ಪ್ರತಿ ಸಲವೂ ಒಂದೇ ಮಾತು: "ಮನೇಲಿ ಹಾಲು ಕರೆಯೋರಿಲ್ಲ ಕಣ್ ಮಗ, ನಡೀರಿ."

ಈ ಜನವರಿಯಲ್ಲಿ ಎಚ್.ಡಿ. ಕೋಟೆಯಿಂದ ಚಿಕ್ಕವ್ವನನ್ನು ಕರೆಸಿ ಹಸು ಒಪ್ಪಿಸಿದೆವು. ಅವ್ವ, ಅಕ್ಕ, ಒಂಬತ್ತನೇ ಕ್ಲಾಸಿನ ಅಕ್ಕನ ಮಗ ಮತ್ತು ನಾನು ಬೆಳಗಿನ ಜಾವವೇ ಹೊರಟು ಪಿರಿಯಾಪಟ್ಟಣ, ಮಡಿಕೇರಿ, ಸುಳ್ಯ, ಪುತ್ತೂರು ಮಾರ್ಗವಾಗಿ ಉಡುಪಿ ಸೇರಿದೆವು. ಮಡಿಕೇರಿ ಘಾಟಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಬೇಕಾಯಿತು, ಕಾರಣ ಬಿಡಿಸಿ ಹೇಳಬೇಕಿಲ್ಲ! ಕೃಷ್ಣನ ದರ್ಶನ ಮುಗಿಸಿ ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಿಗ್ಗೆ ಮಲ್ಪೆಗೆ ಹೋದೆವು.

ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಹೊರಡುವುದು ಮಲ್ಪೆಯಿಂದಲೇ. ಮಳೆಗಾಲದಲ್ಲಿ ಕಡಲು ಒರಟಾಗಿರುವುದರಿಂದ ಬೋಟ್ ಬಿಡುವುದಿಲ್ಲ. ನಮ್ಮ ಬ್ಯಾರನ್ ಬೆಂಕಿ ಆರಿದ ಮೇಲಿನ ದಿನಗಳೇ ಅಲ್ಲಿಗೂ ಒಳ್ಳೆಯ ಕಾಲ ಅನ್ನುವುದು ಲೆಕ್ಕ ಹಾಕಿದ ಹಾಗೆ ಹೊಂದಿಕೊಂಡಿತು. ಜನ ತುಂಬಿದ ಮೇಲೆ ಬೋಟ್ ಹೊರಟಿತು, ಅರ್ಧ ಗಂಟೆಯೊಳಗೆ ದ್ವೀಪ ಕಾಣಿಸಿತು. ಅವ್ವ ಅಷ್ಟೂ ಹೊತ್ತು ನನ್ನ ಮೊಣಕೈ ಬಿಡಲಿಲ್ಲ, ಮಾತೂ ಆಡಲಿಲ್ಲ.

ತೊಂದರೆ ಶುರುವಾದದ್ದು ದ್ವೀಪದ ಹತ್ತಿರ. ದೊಡ್ಡ ಬೋಟು ಅಲ್ಲಿ ದಡಕ್ಕೆ ಹೋಗಲಿಲ್ಲ. ನೀರಿನ ಮೇಲೆಯೇ ಚಿಕ್ಕ ದೋಣಿಗೆ ಇಳಿಯಬೇಕಿತ್ತು. ಎರಡೂ ಒಂದಕ್ಕೊಂದು ತಾಗುತ್ತ, ಏರುತ್ತ ಇಳಿಯುತ್ತ ಇದ್ದವು. ಅವ್ವನಿಗೆ ಮಂಡಿ ನೋವು ಬೇರೆ. "ನಾನು ಇಲ್ಲೇ ಕೂತಿರ್ತೀನಿ. ನೀವು ನೋಡ್ಕೊಂಡು ಬನ್ನಿ" ಅಂದುಬಿಟ್ಟಳು. ಅಷ್ಟು ದೂರ ಬಂದು ಹೀಗಂದಾಗ ನನಗೆ ಸಿಟ್ಟು ಬಂತು, ಸ್ವಲ್ಪ ಜೋರಾಗಿಯೇ ಗದರಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಬೋಟಿನ ಹುಡುಗನೊಬ್ಬ ಬಂದು, "ಅಮ್ಮ, ಅಲೆ ಮೇಲೆ ಬರುವಾಗ ಕಾಲು ಇಡಿ. ನಾನು ಹಿಡ್ಕೊಂಡಿದ್ದೇನೆ, ಏನೂ ಆಗುದಿಲ್ಲ" ಅಂದ. ಎರಡು ಅಲೆ ಸುಮ್ಮನೆ ಬಿಟ್ಟ. ಮೂರನೆಯದಕ್ಕೆ ಅವ್ವ ಚಿಕ್ಕ ದೋಣಿಯಲ್ಲಿದ್ದಳು.

ಇಳಿದ ಕೂಡಲೇ ಅಕ್ಕನ ಮಗನ ಪ್ರಶ್ನೆ: "ಮಾವ, ಜ್ವಾಲಾಮುಖಿ ಎಲ್ಲಿ?" ದಾರಿಯುದ್ದಕ್ಕೂ ನಾನು ಜ್ವಾಲಾಮುಖಿ ದ್ವೀಪ ಅಂತ ಹೇಳಿಕೊಂಡು ಬಂದಿದ್ದೆನಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಹೊಗೆಯಾಡುವ ಬೆಟ್ಟ ಇಲ್ಲಿಲ್ಲ. ನಿಂತ ನೆಲವೇ ಜ್ವಾಲಾಮುಖಿಯದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕು ಬಿಟ್ಟು, ಐದು ಆರು ಮೂಲೆಯ ಕಂಬಗಳಾಗಿದೆ. ಒತ್ತೊತ್ತಾಗಿ ಜೋಡಿಸಿಟ್ಟ ಪೆನ್ಸಿಲ್ ಕಟ್ಟುಗಳ ಹಾಗೆ ಕಾಣುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ.

ನಾನು ಇಷ್ಟೆಲ್ಲ ವಿವರಿಸುತ್ತಿದ್ದರೆ ಅವ್ವ ಕಂಬಗಳ ತಲೆ ಮೇಲೆ ಕೈಯಾಡಿಸಿ, "ಬ್ಯಾಸಗೇಲಿ ಕೆರೆ ಕೆಸರು ಒಣಗಿ ಒಡೆದಂಗೆ ಐತಲ್ಲ ಮಗ" ಅಂದಳು. ನಡೆದಿರುವುದೂ ಹೆಚ್ಚು ಕಡಿಮೆ ಅದೇ!

ಇನ್ನೊಂದು ಮಾತು ಅಲ್ಲಿ ಹೇಳಿದ್ದಕ್ಕೆ ಅವ್ವ ನಂಬಲೇ ಇಲ್ಲ. ಚಿಕ್ಕವ್ವನ ಊರಿನ ಪಕ್ಕದ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾ ಸಮೂಹಕ್ಕೇ ಇಟ್ಟಿದ್ದಾರೆ. ಆ ಕಲ್ಲುಗಳಿಗೆ 300 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಅವುಗಳ ಮುಂದೆ ಈ ದ್ವೀಪ ನಿನ್ನೆ ಮೊನ್ನೆಯ ಕೂಸು. "ಹೊಲ ಉಳುವಾಗ ನೇಗಿಲು ಮುರಿಯೋ ಕಲ್ಲಿಗೆ ಅಷ್ಟು ಬೆಲೆಯಾ?" ಅಂತ ನಕ್ಕಳು.

ನೋಡುವುದಕ್ಕೆ ಹೋಗುವವರು ಒಂದು ಗಂಟೆಯ ಲೆಕ್ಕ ಇಟ್ಟುಕೊಳ್ಳಬೇಡಿ. ಸಾಲಿನಲ್ಲಿ ನಾಲ್ಕು ಮುಖ್ಯ ದ್ವೀಪಗಳಿದ್ದರೂ ಪ್ರವಾಸಿಗರು ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಷ್ಟೇ. ನಿಧಾನವಾಗಿ ಸುತ್ತಿದರೆ ಚಂದ. ಮರಳಿಗಿಂತ ಕಪ್ಪೆಚಿಪ್ಪಿನ ಚೂರುಗಳೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತವೆ, ಚಪ್ಪಲಿ ಇರಲಿ. ನೆರಳು ಕಡಿಮೆ, ಮಧ್ಯಾಹ್ನ ಕಲ್ಲು ಕಾದು ಬೇಗೆ ಹೊಡೆಯುತ್ತದೆ, ಹಾಗಾಗಿ ಬೆಳಗಿನ ಬೋಟೇ ಒಳ್ಳೆಯದು. ಭಾನುವಾರ ಹೋದ ನಮ್ಮದು ದಡ್ಡತನ. ರಾತ್ರಿ ಉಳಿಯಲು ಅವಕಾಶವಿಲ್ಲ.

ನೀರಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಸೆಲ್ಫಿ ತೆಗೆಯಲು ಹೋಗಿ ಇಲ್ಲಿ ಜೀವ ಕಳೆದುಕೊಂಡವರಿದ್ದಾರೆ. ನಮ್ಮ ಹುಡುಗನೂ ಫೋನ್ ಹಿಡಿದು ಪಾಚಿಗಟ್ಟಿದ ತುದಿಗಲ್ಲಿಗೆ ಹೋಗಿದ್ದ. ಕಾವಲಿನವರು ಸೀಟಿ ಊದಿದ ಮೇಲೆಯೇ ನಮಗೆ ಗೊತ್ತಾದದ್ದು. ಅವನು ಹಿಂದಕ್ಕೆ ಹೆಜ್ಜೆ ಇಟ್ಟ ಸ್ವಲ್ಪ ಹೊತ್ತಿಗೇ ಆ ಕಲ್ಲಿನ ಮೇಲೆ ಅಲೆ ಹಾದು ಹೋಯಿತು. ಅಕ್ಕ ಅವನಿಗೆ ಒಂದು ಬಿಗಿದಳು, ಆಮೇಲೆ ತಾನೇ ಅತ್ತಳು. ಚುಂಚನಕಟ್ಟೆಯ ಜಲಪಾತದ ಹತ್ತಿರ ಎಷ್ಟು ಜೋಪಾನವಾಗಿ ನಿಲ್ಲುವ ನಾವು, ಹೊಸ ಜಾಗದಲ್ಲಿ ಮೈ ಮರೆಯುತ್ತೇವೆ.

ವಾಪಸ್ ಬರುವಾಗ ಚಿಕ್ಕ ದೋಣಿಯಿಂದ ದೊಡ್ಡ ಬೋಟಿಗೆ ಹತ್ತಲು ಅವ್ವನೇ ಮೊದಲು ಕೈ ಚಾಚಿದಳು. ಮಲ್ಪೆ ಬೀಚಿನಲ್ಲಿ ಪ್ಯಾರಾಸೇಲಿಂಗ್ ನೋಡಿ, "ದುಡ್ಡು ಕೊಟ್ಟು ನೇತಾಡ್ತಾರಾ?" ಅಂತ ಕೇಳಿದಳು. ಅಕ್ಕನ ಮಗನಿಗೆ ಆಸೆಯಿತ್ತು, ಆದರೆ ಬೆಳಗಿನ ಸೀಟಿ ನೆನೆದು ಬಾಯಿ ಬಿಡಲಿಲ್ಲ. ಅಲೆ ಕಾಲಿಗೆ ತಾಗುವಷ್ಟು ದೂರ ಹೋಗಿ ಅವ್ವ ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಹಚ್ಚಿ ನೋಡಿ, ಮುಖ ಕಿವುಚಿಕೊಂಡು, ಇನ್ನೊಂದು ಸಲ ನೋಡಿದಳು.

ಸಂಜೆ ಚಿಕ್ಕವ್ವನ ಫೋನ್ ಬಂತು. ಹಸು ಕಾಲು ಝಾಡಿಸಿ ಹಾಲು ಚೆಲ್ಲಿತಂತೆ. ಅದನ್ನೆಲ್ಲ ಹೇಳಿ ಆದ ಮೇಲೆ, ಕಡಲು ಹೆಂಗೈತೆ ಅಂತ ಕೇಳಿದಳು. ಅವ್ವ ಸ್ವಲ್ಪ ಯೋಚನೆ ಮಾಡಿ, "ನಿಮ್ಮ ಕಬಿನಿ ಹಿನ್ನೀರು ಐತಲ್ಲ, ಹಂಗೇ ಕಣೆ. ಆಚೆ ದಡ ಒಂದು ಕಾಣಾಕಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಬರೋ ವರ್ಸ ನೀನು ಹೋಗಿ ಬಾ. ನಿಮ್ಮನೆ ಹಸ ನಾನು ಬಂದು ಕರೀತೀನಿ."