ತೊಳದಷ್ಟೂ ಹೆಚ್ಚಪ್ಪ ಉರಿ

ಮುಟ್ಟು ನಿಂದರೆ ಒಂದು ಉಪದ್ರ ಮುಗುದತ್ತು ಹೇಳಿ ಹೆಮ್ಮಕ್ಕೊ ಎಲ್ಲ ಗ್ರೇಶುದು. ಎನಗೆ ನಿಂದು 2 ವರ್ಷ ಅಪ್ಪಗ ಬೇರೆಯೇ ಒಂದು ಸುರು ಆತು. ಉಚ್ಚೆ ಹೊಯ್ವಗ ಉರಿ, ಕೆಳ ತೊರಿಕ್ಕೆ, ಕೂದಲ್ಲಿ ಕೂಪಲೆಡಿಯ. ಒಂದೇ ವರ್ಷಲ್ಲಿ 4 ಸರ್ತಿ ಆಂಟಿಬಯೋಟಿಕ್ ತಿಂದಾತು. ಮಾತ್ರೆ ಮುಗುದು ತಿಂಗಳಪ್ಪಗ ಪುನಃ ಅದೇ. ಜೆಂಬ್ರಕ್ಕೆ ಹೋದರೆ ಮದಾಲು ಹುಡ್ಕುದು ಕಕ್ಕುಸು ಎಲ್ಲಿದ್ದು ಹೇಳಿ.

ನಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಅರ್ಥ: ಶುದ್ಧ ಸಾಲ. "ಸರೀ ತೊಳಕ್ಕೊ" ಹೇಳ್ತವು. ಮಡಿಲಿ ಬೆಳದೋರಲ್ಲದಾ! ಬೆಶಿನೀರು, ಸಾಬೂನು, ಕೆಲವು ಜೆನ ಕ್ರಿಮಿ ಕೊಲ್ಲುವ ಮದ್ದೂ ಹಾಕುತ್ತವು.

ಡಾಕ್ಟ್ರಕ್ಕ ಹೇಳಿದ್ದು ಸೀದಾ ವಿರುದ್ಧ. ಹರೆಯಲ್ಲಿ ಈಸ್ಟ್ರೋಜನ್ ಇಪ್ಪಗ ಯೋನಿಯ ಒಳಾಣ ಚರ್ಮ ದಪ್ಪ, ಪಸೆ ಇರ್ತು. ಅಲ್ಲಿಪ್ಪ ಲ್ಯಾಕ್ಟೋಬ್ಯಾಸಿಲಸ್ ಹೇಳ್ತ ಒಳ್ಳೆ ಜಂತುಗೊ, ಮಸರಿನ ಹೆಪ್ಪಿಲಿ ಇಪ್ಪವರ ಕುಟುಂಬದವೇ, ಜಾಗೆಯ ಹುಳಿ ಮಾಡಿ ಮಡಗುತ್ತವು. ಪಿಎಚ್ 4.5ರಿಂದ ಕೆಳ. ಮುಟ್ಟು ನಿಂದ ಮೇಲೆ ಚರ್ಮ ತೆಳು ಆವುತ್ತು, ಹುಳಿ ಹೋವುತ್ತು, ಕರುಳಿನ ಇ. ಕೋಲಿ ಬಂದು ಬಿಡಾರ ಮಾಡ್ತು. ಮೂತ್ರದ ದಾರಿ ಹತ್ತರೆಯೇ ಇದ್ದನ್ನೆ! ಸಾಬೂನು ಹಾಕಿದರೆ ಒಳುದ ಹುಳಿಯೂ ಹೋವುತ್ತು. ಹೆಪ್ಪು ಹಾಕಿದ ಅಳಗೆಗೆ ಸಾಬೂನು ನೀರು ಎರದರೆ ಮಸರು ಅಕ್ಕೋ? ಹೆರಾಣ ಹೊಡೆ ಬರೀ ನೀರಿಲಿ ತೊಳದರೆ ಸಾಕು, ಒಳ ತೊಳವಲೇ ಆಗ.

"ಮಸರೇ ಕಿಟ್ಟಿದರೆ ಅಕ್ಕೋ?" ಕೇಳಿದೆ. ನೆಗೆ ಮಾಡಿದವು. "ಅದು ಉಂಬಲೆ ಮಾರಾಯ್ತಿ."

ಉಚ್ಚೆಯ ಕಲ್ಚರ್ ಮಾಡ್ಸಿದವು, ಸಕ್ಕರೆ ನೋಡಿದವು. ಸಕ್ಕರೆಯ ಉಚ್ಚೆಲಿ ಹೆರ ಹಾಕುವ ಡಾಪಾಗ್ಲಿಫ್ಲೋಜಿನ್ ನಮುನೆಯ ಮಾತ್ರೆ ತಿಂಬೋರಿಂಗೆ ಬೂಸರಿನ ತೊರಿಕ್ಕೆ ಜಾಸ್ತಿ. ಹಾಂಗಾಗಿ ಯೇವ ಮಾತ್ರೆ ಹೇಳಿ ಡಾಕ್ಟ್ರಿಂಗೆ ಹೇಳೆಕ್ಕು. ಎನಗೆ ಕೊಟ್ಟದು ಎಸ್ಟ್ರಿಯೋಲ್ ಮುಲಾಮು: 2 ವಾರ ದಿನಾ ಇರುಳು ಒಳಂಗೆ, ಮತ್ತೆ ವಾರಕ್ಕೆ 2 ಸರ್ತಿ. ಮೊಲೆಯ ಕ್ಯಾನ್ಸರ್ ಆದೋರು ಕೇಳದ್ದೆ ಹಾಕುಲಾಗ. ಮುಟ್ಟು ನಿಂದು ವರ್ಷ ಕಳುದ ಮೇಲೆ ಒಂದು ಹನಿ ನೆತ್ತರು ಕಂಡರೂ ಕೂಡ್ಲೆ ತೋರ್ಸೆಕ್ಕು; ಅದು ಬೇರೆ ಸಂಗತಿ.

ಗುಣ ಕಾಂಬಲೆ 2 ತಿಂಗಳು ಹಿಡುತ್ತು. ಅದರಿಂದ ಕಷ್ಟದ್ದು ಇವಕ್ಕೆ ಹೇಳುದು. ಹತ್ತರೆ ಬಪ್ಪಗ ಬೇನೆ ಆವುತ್ತು, ಮನಸ್ಸಿಲ್ಲದ್ದೆ ಅಲ್ಲ ಹೇಳಿ. ಕೇಳಿ ರಜ ಹೊತ್ತು ಸುಮ್ಮನೆ ಕೂದವು. "ಆನು ಬೇರೆಯೇ ಗ್ರೇಶಿತ್ತಿದ್ದೆ" ಹೇಳಿದವು.

ಮೊನ್ನೆ ಮುಲಾಮಿನ ಟ್ಯೂಬು ಕಂಡು ಅತ್ತೆ ಎಂತದು ಕೇಳಿದವು. ಹೇಳಿದೆ. ಅವಕ್ಕೆ 78. "ಎನಗೆ 20 ವರ್ಷಂದ ಹಾಂಗೇ" ಹೇಳಿದವು, ಬಳ್ಳಿಲಿದ್ದ ಸೀರೆ ಮಡುಸಿಗೊಂಡೇ. ಬಪ್ಪ ಸೋಮವಾರ ಅವರ ಕರಕ್ಕೊಂಡು ಹೋಪಲಿದ್ದು.